ವಾಹನ ಪ್ರಶ್ನೋತ್ತರ: ಆಲ್ಟರ್ನೇಟರ್ ಬ್ರಾಕೆಟ್ ಮಾಡಿಸುವವರಿಗೆ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಹಳೆಯ ಗಾಡಿಗೆ ದೊಡ್ಡ ಆಲ್ಟರ್ನೇಟರ್ (ಎಂಜಿನ್ನಿನ ಬೆಲ್ಟಿನಿಂದ ತಿರುಗಿ ಬ್ಯಾಟರಿ ತುಂಬಿಸುವ ಯಂತ್ರ) ಕೂರಿಸುವುದರ ಬಗ್ಗೆ, ಅದನ್ನು ಎಂಜಿನ್ನಿಗೆ ಹಿಡಿದಿಡುವ ಬ್ರಾಕೆಟ್ ಮಾಡಿಸುವುದರ ಬಗ್ಗೆ ಇವೆ. ಆದ್ದರಿಂದ ಈ ಸಂಚಿಕೆಯ ಪುಟಗಳನ್ನು ಅದಕ್ಕೇ ಬಿಟ್ಟಿದ್ದೇವೆ.

ಪ್ರಶ್ನೆ: ನನ್ನ ಎಂಎಂ540 ಜೀಪಿಗೆ ವಿಂಚ್ (ಸಿಕ್ಕಿಬಿದ್ದ ಗಾಡಿ ಎಳೆಯುವ ಮೋಟಾರು), ನಾಲ್ಕು ಹೆಚ್ಚುವರಿ ಲೈಟು ಹಾಕಿಸಿದ್ದೇನೆ. ಹಳೆಯ ಆಲ್ಟರ್ನೇಟರ್ ಸಾಲದೆ 90 ಆಂಪಿಯರಿನದು ಕೂರಿಸಿದೆ. 6 ಮಿ.ಮೀ. ಪ್ಲೇಟಿನಲ್ಲಿ ಮಾಡಿಸಿದ ಬ್ರಾಕೆಟ್ ಎರಡು ಸಲ ಮುರಿಯಿತು. ಈಗ 12 ಮಿ.ಮೀ. ಮಾಡಿಸಲೇ? — ಸಕಲೇಶಪುರದ ಓದುಗರು

ಉತ್ತರ: ದಪ್ಪದ ಮಾತು ಆಮೇಲೆ. ಮೊದಲು ಮುರಿದ ತುಂಡುಗಳನ್ನು ಕೈಗೆತ್ತಿಕೊಂಡು ನೋಡಿ, ಕಾರಣ ಅಲ್ಲೇ ಇರುತ್ತದೆ. ಬೋಲ್ಟಿನ ತೂತು ಮೊಟ್ಟೆಯಾಕಾರಕ್ಕೆ ಸವೆದು ಅಲ್ಲಿಂದ ಹರಿದಿದ್ದರೆ ಬೋಲ್ಟ್ ಸಡಿಲವಿತ್ತು ಎಂದರ್ಥ. ವೆಲ್ಡಿಂಗ್ ಮುಗಿಯುವ ಅಂಚಿನಲ್ಲೇ ಬಿರುಕು ಬಿಟ್ಟಿದ್ದರೆ ನಡುಕ ಕಾರಣ. ಮುರಿದ ಮುಖದ ಒಂದು ಭಾಗ ನುಣುಪಾಗಿ ತುಕ್ಕಿನ ಬಣ್ಣಕ್ಕೆ ತಿರುಗಿ, ಉಳಿದ ಭಾಗ ಹರಳು ಹರಳಾಗಿ ಹೊಳೆಯುತ್ತಿದ್ದರೆ, ಬಿರುಕು ಬಹಳ ದಿನಗಳಿಂದ ನಿಧಾನವಾಗಿ ಬೆಳೆಯುತ್ತ ಬಂದು ಕೊನೆಗೆ ಒಂದೇಟಿಗೆ ಕಿತ್ತುಬಂದಿದೆ. ಮನೆಯಲ್ಲಿ ಮಾಡಿಸಿದ ಬ್ರಾಕೆಟ್‌ಗಳಲ್ಲಿ ಹೆಚ್ಚಾಗಿ ಕಾಣುವುದು ಇದೇ.

ಬ್ರಾಕೆಟ್ ಹೊರುವ ತೂಕ ಐದಾರು ಕೆ.ಜಿ. ಮಾತ್ರ. ಅಷ್ಟನ್ನು 4 ಮಿ.ಮೀ. ಪ್ಲೇಟೂ ಹೊರುತ್ತದೆ. ಅದನ್ನು ಮುರಿಯುವುದು ಎಂಜಿನ್ನಿನ ನಡುಕ. ನಾಲ್ಕು ಸಿಲಿಂಡರಿನ ಎಂಜಿನ್ ಪ್ರತಿ ಸುತ್ತಿಗೆ ಎರಡು ಸಲ ಅದುರುತ್ತದೆ. 3000 ಆರ್‌ಪಿಎಂನಲ್ಲಿ ಓಡಿದರೆ ಸೆಕೆಂಡಿಗೆ 100 ಸಲ, 4000ದಲ್ಲಿ 133 ಸಲ. ಬ್ರಾಕೆಟ್ ಮತ್ತು ಆಲ್ಟರ್ನೇಟರ್ ಸೇರಿ ಅಲುಗುವ ಸಹಜ ವೇಗ ಈ ಲೆಕ್ಕಕ್ಕೆ ಹೊಂದಿಬಿಟ್ಟರೆ ನಡುಕ ಹಲವು ಪಟ್ಟು ಏರಿ, ಎಂಥ ಉಕ್ಕೂ ದಣಿದು ಬಿರುಕು ಬಿಡುತ್ತದೆ. 12 ಮಿ.ಮೀ. ಮಾಡಿಸಿದರೆ ಪ್ಲೇಟು ಬಾಗುವುದು ಕಡಿಮೆಯಾಗುವುದು ನಿಜ. ಆದರೆ ಎರಡೇ ಬೋಲ್ಟಿನ ಮೇಲೆ ನಿಂತ ಒಂಟಿ ಪ್ಲೇಟು ಆ ಎರಡು ಬೋಲ್ಟಿನ ಗೆರೆಯ ಸುತ್ತ ತಿರುಚುವುದನ್ನು ದಪ್ಪ ತಡೆಯುವುದಿಲ್ಲ.

ಆದ್ದರಿಂದ ಆಕಾರ ಬದಲಿಸಿ. ಎಂಜಿನ್ ಬ್ಲಾಕಿಗೆ ಮೂರು ಬೋಲ್ಟ್ ಹಿಡಿಯಲಿ, ಮೂರೂ ಒಂದೇ ಗೆರೆಯಲ್ಲಿ ಬೇಡ, ತ್ರಿಕೋನವಾಗಿರಲಿ. ಒಂಟಿ ಪ್ಲೇಟಿನ ಬದಲು 6 ಅಥವಾ 8 ಮಿ.ಮೀ.ನ ಎರಡು ಪ್ಲೇಟು, ನಡುವೆ ಪೈಪಿನ ಸ್ಪೇಸರು: ಈ ಜೋಡಿ 12 ಮಿ.ಮೀ. ಒಂಟಿ ಪ್ಲೇಟಿಗಿಂತ ಎಷ್ಟೋ ಗಟ್ಟಿ. ಆಲ್ಟರ್ನೇಟರನ್ನು ಬ್ಲಾಕಿಗೆ ಎಷ್ಟು ಹತ್ತಿರ ತರಲಾಗುವುದೋ ಅಷ್ಟು ತನ್ನಿ. ಇನ್ನೊಂದು ಮಾತು, ಇದು ಎಲ್ಲಕ್ಕಿಂತ ಮುಖ್ಯ: ಬ್ರಾಕೆಟ್ ಅಥವಾ ಬೆಲ್ಟಿನ ಬಿಗಿ ಹೊಂದಿಸುವ ಅಡ್ಜಸ್ಟರ್ ಪಟ್ಟಿಯ ಯಾವ ತುದಿಯೂ ಚಾಸಿಸಿಗೋ ಬಾಡಿಗೋ ಹೋಗಬಾರದು. ಎಂಜಿನ್ ರಬ್ಬರ್ ಮೌಂಟಿನ ಮೇಲೆ ಓಲಾಡುತ್ತದೆ, ಚಾಸಿಸ್ ಓಲಾಡುವುದಿಲ್ಲ. ನಡುವೆ ಸಿಕ್ಕ ಪಟ್ಟಿ ಮುರಿಯಲೇಬೇಕು. ಮಲೆನಾಡಿನ ಜೀಪುಗಳಲ್ಲಿ ‘ಸಪೋರ್ಟ್’ ಎಂದು ಹೀಗೆ ಚಾಸಿಸಿಗೆ ಕಟ್ಟಿದ್ದನ್ನು ಕಂಡರೆ ಅದನ್ನು ಮೊದಲು ಬಿಚ್ಚಿಸಿ.

ವಿಂಚಿನ ಬಗ್ಗೆಯೂ ಒಂದು ಮಾತು. ಪೂರ್ತಿ ಭಾರ ಎಳೆಯುವಾಗ ವಿಂಚ್ ಕುಡಿಯುವುದು 300ರಿಂದ 400 ಆಂಪಿಯರ್. ಅದನ್ನು ಕೊಡುವುದು ಬ್ಯಾಟರಿ. ಆಲ್ಟರ್ನೇಟರಿನ ಕೆಲಸ ಆಮೇಲೆ ತುಂಬಿಸಿಕೊಡುವುದು. 90 ಆಂಪಿಯರ್ ಎಂದರೆ 14 ವೋಲ್ಟಿನಲ್ಲಿ 1260 ವ್ಯಾಟ್. ಆಲ್ಟರ್ನೇಟರಿನ ನಷ್ಟ ಸೇರಿಸಿದರೆ ಬೆಲ್ಟಿನ ಮೇಲೆ ಸುಮಾರು ಮೂರು ಅಶ್ವಶಕ್ತಿ ಬೀಳುತ್ತದೆ. ನಿಮ್ಮದು 10 ಮಿ.ಮೀ. ಅಗಲದ ಸಣ್ಣ ವಿ-ಬೆಲ್ಟ್ ಆಗಿದ್ದರೆ ಅದು ಜಾರುತ್ತದೆ. 13 ಮಿ.ಮೀ. ಬೆಲ್ಟಿಗೆ ತಕ್ಕ ಪುಲ್ಲಿಗಳಿಗೆ ಹೋಗಿ.

ಪ್ರಶ್ನೆ: ನಮ್ಮದು ಸಣ್ಣ ಲೇತ್ ಮತ್ತು ವೆಲ್ಡಿಂಗ್ ಶಾಪು. ಮಾಡಿಫೈ ಗಾಡಿಯವರು ಆಲ್ಟರ್ನೇಟರ್ ಬ್ರಾಕೆಟ್ ಕೇಳಿಕೊಂಡು ಬರುತ್ತಾರೆ. ಅಳತೆ ತೆಗೆಯುವುದರಿಂದ ಹಿಡಿದು ಕೂರಿಸುವವರೆಗೆ ಸರಿಯಾದ ಕ್ರಮ ತಿಳಿಸಿ. — ಹುಬ್ಬಳ್ಳಿಯ ಓದುಗರು

ಉತ್ತರ: ಬಹಳ ಮಂದಿ ಬ್ಲಾಕಿನ ಬೋಲ್ಟ್ ತೂತುಗಳಿಂದ ಶುರುಮಾಡಿ ಆಲ್ಟರ್ನೇಟರಿನ ಕಡೆಗೆ ಬರುತ್ತಾರೆ. ಉಲ್ಟಾ ಮಾಡಿ. ಆಲ್ಟರ್ನೇಟರ್ ಗಾಳಿಯಲ್ಲಿ ಎಲ್ಲಿ ನಿಲ್ಲಬೇಕೋ ಅಲ್ಲಿ ಅದನ್ನು ಮೊದಲು ನಿಲ್ಲಿಸಿ, ಉಳಿದ ಜಾಗವನ್ನು ಲೋಹದಿಂದ ತುಂಬಿಸುವುದಷ್ಟೇ ಬ್ರಾಕೆಟಿನ ಕೆಲಸ.

ಮರದ ತುಂಡು, ಜಾಕ್, ಬೈಂಡಿಂಗ್ ವೈರು ಬಳಸಿ ಆಲ್ಟರ್ನೇಟರನ್ನು ಜಾಗದಲ್ಲಿ ಕಟ್ಟಿ. ಬಾನೆಟ್ ಮುಚ್ಚಿ ನೋಡಿ. ಎಂಜಿನ್ ಓಲಾಡುವುದಕ್ಕೆ ಬಾನೆಟ್, ಚಾಸಿಸ್, ಸ್ಟೀರಿಂಗ್ ಕಡೆಗೆಲ್ಲ ಕನಿಷ್ಠ 25 ಮಿ.ಮೀ. ಸಂದು ಬಿಡಬೇಕು. ಎಕ್ಸಾಸ್ಟ್ ಮ್ಯಾನಿಫೋಲ್ಡಿನಿಂದ 75 ಮಿ.ಮೀ.ಗಿಂತ ದೂರ ಇರಲಿ, ಆಗದಿದ್ದರೆ ನಡುವೆ ತಗಡಿನ ಮರೆ ಕೊಡಿ. ಬಿಸಿಯಲ್ಲಿ ಮೊದಲು ಸಾಯುವುದು ಡಯೋಡುಗಳು ಮತ್ತು ರೆಗ್ಯುಲೇಟರ್.

ಈಗ ಪುಲ್ಲಿಯ ಗೆರೆ. ಕ್ರ್ಯಾಂಕ್ ಪುಲ್ಲಿಯ ಮುಖಕ್ಕೆ ನೇರ ಪಟ್ಟಿ ಹಿಡಿದು ಆಲ್ಟರ್ನೇಟರ್ ಪುಲ್ಲಿಯ ಮುಖಕ್ಕೆ ತಾಗಿಸುವುದು ರೂಢಿ. ಇದರಲ್ಲಿ ಮೋಸವಿದೆ: ಎರಡು ಪುಲ್ಲಿಗಳ ಅಂಚಿನ ದಪ್ಪ ಬೇರೆ ಬೇರೆ ಇದ್ದರೆ ಮುಖಗಳು ಸೇರಿದರೂ ಬೆಲ್ಟ್ ಕೂರುವ ತೋಡುಗಳು ಸೇರಿರುವುದಿಲ್ಲ. ಬೆಲ್ಟ್ ಓಡುವುದು ತೋಡಿನಲ್ಲಿ, ಹಾಗಾಗಿ ತೋಡಿನ ನಡುಗೆರೆಯನ್ನೇ ಅಳೆಯಿರಿ. ವಿ-ತೋಡಿನೊಳಗೆ ಒಂದೇ ಅಳತೆಯ ಎರಡು ಡ್ರಿಲ್ ಬಿಟ್‌ಗಳ ನುಣುಪು ಹಿಡಿಯನ್ನು ಅಡ್ಡ ಇಟ್ಟು, ನೇರ ಪಟ್ಟಿಯಿಂದ ಅವುಗಳಿಗೆ ಇರುವ ದೂರ ನೋಡಿದರೆ ವರ್ನಿಯರಿನಲ್ಲಿ ಸ್ಪಷ್ಟ ಸಿಗುತ್ತದೆ. 100 ಮಿ.ಮೀ. ಬೆಲ್ಟ್ ಉದ್ದಕ್ಕೆ 0.8 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ವಿ-ಬೆಲ್ಟಿಗೆ ಸಲ್ಲದು. ಹಲವು ಗೆರೆಗಳ ಚಪ್ಪಟೆ ಬೆಲ್ಟಿಗೆ ಅದರ ಅರ್ಧ ಎಂದಿಟ್ಟುಕೊಳ್ಳಿ. ಹಿಂದೆಮುಂದೆ ಮಾತ್ರವಲ್ಲ, ಪುಲ್ಲಿ ತಲೆ ಬಾಗಿಸಿದೆಯೇ ಎಂಬುದನ್ನೂ ನೋಡಬೇಕು. ಶಾಫ್ಟುಗಳು ಎರಡು ದಿಕ್ಕಿನಲ್ಲೂ ಸಮಾನಾಂತರ ಇರಬೇಕು.

ಜಾಗ ಗೊತ್ತಾದ ಮೇಲೆ ರಟ್ಟು. ಹಳೆಯ ಲಗ್ನಪತ್ರಿಕೆಯ ದಪ್ಪ ರಟ್ಟು ಈ ಕೆಲಸಕ್ಕೆ ಚೆನ್ನಾಗಿ ಆಗುತ್ತದೆ. ಬ್ಲಾಕಿನ ತೂತುಗಳ ಅಂಚಿಗೆ ಗ್ರೀಸ್ ಸವರಿ, ರಟ್ಟು ಒತ್ತಿದರೆ ಉಂಗುರದ ಗುರುತು ಬೀಳುತ್ತದೆ. ರಟ್ಟಿನಿಂದ 3 ಮಿ.ಮೀ. ತಗಡಿಗೆ ಒಂದು ಮಾದರಿ ಕತ್ತರಿಸಿ, ಅದನ್ನು ಗಾಡಿಗೆ ಬೋಲ್ಟ್ ಮಾಡಿ ನೋಡಿಯೇ ನಿಜವಾದ ಪ್ಲೇಟಿಗೆ ಹೋಗಿ. ಲೇಸರ್ ಕಟಿಂಗ್ ಕೊಡುವುದಿದ್ದರೂ ಈ ಹೆಜ್ಜೆ ಬಿಡಬೇಡಿ.

ಪ್ಲೇಟಿಗೆ ಸಾಮಾನ್ಯ ಮೈಲ್ಡ್ ಸ್ಟೀಲ್ ಸಾಕು: ಮುಖ್ಯ ಪ್ಲೇಟುಗಳು 8 ಮಿ.ಮೀ., ಅಡ್ಜಸ್ಟರ್ ಪಟ್ಟಿ 6 ಮಿ.ಮೀ. ದಪ್ಪ, 30 ಮಿ.ಮೀ. ಅಗಲ. ಎಂ8 ಬೋಲ್ಟಿಗೆ 8.5, ಎಂ10ಕ್ಕೆ 10.5 ಮಿ.ಮೀ. ತೂತು, ಅದಕ್ಕಿಂತ ದೊಡ್ಡದು ಬೇಡ. ಅಂಬಾಸಿಡರ್ ಮೂಲ ಎಂಜಿನ್ನಿನಲ್ಲಿ ಇಂಚಿನ ಥ್ರೆಡ್ ಇರುತ್ತದೆ. ಅಲ್ಲಿ 5/16 ಇಂಚಿನ ತೂತಿಗೆ ಎಂ8 ಬೋಲ್ಟ್ ‘ಬಿಗಿಯಾಗಿ ಹೋಗುತ್ತದೆ’ ಎಂದು ಒತ್ತಿ ಬಿಗಿದರೆ ಬ್ಲಾಕಿನ ಥ್ರೆಡ್ ಹೋಗುತ್ತದೆ. ಬ್ರಾಕೆಟಿಗಿಂತ ಬ್ಲಾಕ್ ದುಬಾರಿ. ಥ್ರೆಡ್ ಗೇಜ್ ಇಟ್ಟು ನೋಡಿ. ಎರಕದ ಕಬ್ಬಿಣದಲ್ಲಿ ಬೋಲ್ಟಿನ ವ್ಯಾಸದ ಒಂದೂವರೆ ಪಟ್ಟು, ಅಲ್ಯೂಮಿನಿಯಂನಲ್ಲಿ ಎರಡು ಪಟ್ಟು ಥ್ರೆಡ್ ಒಳಗೆ ಹಿಡಿದಿರಬೇಕು. 8 ಮಿ.ಮೀ. ಪ್ಲೇಟ್ ಹೊಸದಾಗಿ ಸೇರಿದಾಗ ಹಳೆಯ ಬೋಲ್ಟೇ ಬಳಸಿದರೆ ಒಳಗೆ ನಾಲ್ಕೇ ಸುತ್ತು ಹಿಡಿದಿರುತ್ತದೆ.

ಸ್ಪೇಸರಿಗೆ ಗೋಡೆ 4–5 ಮಿ.ಮೀ. ದಪ್ಪದ ಸೀಮ್‌ಲೆಸ್ ಪೈಪು. ಎರಡೂ ತುದಿಯನ್ನು ಲೇತಿನಲ್ಲೇ ಮುಖ ಹಿಡಿಸಿ, ಎಂದರೆ ಸಮಕ್ಕೆ ತೆಗೆಯಿರಿ. ಕಟರಿನಲ್ಲಿ ಕತ್ತರಿಸಿದ ತುದಿ ಕಣ್ಣಿಗೆ ನೇರ ಕಂಡರೂ ಬೋಲ್ಟ್ ಬಿಗಿದಾಗ ಇಡೀ ಆಲ್ಟರ್ನೇಟರನ್ನು ಓರೆ ಮಾಡುತ್ತದೆ.

ವೆಲ್ಡಿಂಗ್ ಗಾಡಿಯ ಮೇಲೆ ಮಾಡಬೇಡಿ. ಟಾಕಾ ಹಾಕಲು ಬೇರೆ ದಾರಿಯೇ ಇಲ್ಲದಿದ್ದರೆ ಬ್ಯಾಟರಿಯ ಎರಡೂ ವೈರು, ಆಲ್ಟರ್ನೇಟರಿನ ಎಲ್ಲ ವೈರು ಬಿಚ್ಚಿ, ಅರ್ತ್ ಕ್ಲ್ಯಾಂಪನ್ನು ಬ್ರಾಕೆಟಿಗೇ ಹಿಡಿಸಿ. ಮೇಜಿನ ಮೇಲೆ ಪೂರ್ತಿ ವೆಲ್ಡ್ ಮಾಡುವಾಗ ಸ್ಪೇಸರು, ಬೋಲ್ಟುಗಳನ್ನು ಬಿಗಿದ ಸ್ಥಿತಿಯಲ್ಲೇ ಇಡಿ. 6013 ರಾಡಿನಲ್ಲಿ 2.5 ಮಿ.ಮೀ.ಗೆ 70ರಿಂದ 90 ಆಂಪಿಯರ್ ಸಾಕು. ಒಂದೇ ಬದಿ ಪೂರ್ತಿ ಮುಗಿಸಬೇಡಿ, ಎದುರು ಬದುರು ತುಂಡು ತುಂಡಾಗಿ ಹೋಗಿ. ಆದರೂ ವೆಲ್ಡ್ ಆರಿದ ಮೇಲೆ ಸ್ವಲ್ಪ ಎಳೆದುಕೊಂಡೇ ಇರುತ್ತದೆ. ಅದಕ್ಕಾಗಿ ಬ್ಲಾಕಿಗೆ ಕೂರುವ ಮುಖದಲ್ಲಿ 1 ಮಿ.ಮೀ. ಹೆಚ್ಚು ಬಿಟ್ಟು, ವೆಲ್ಡ್ ಆದ ಮೇಲೆ ಮಿಲ್ಲಿಂಗಿನಲ್ಲಿ ಆ ಮುಖ ಸಮ ಮಾಡಿಸಿ. ಮೂಲೆಗೆ ತ್ರಿಕೋನದ ಪಟ್ಟಿ ಹಾಕಿದರೆ ಅದರ ಚೂಪು ತುದಿ ಕತ್ತರಿಸಿ, ವೆಲ್ಡನ್ನು ತುದಿ ಸುತ್ತಿಸಿ ಮುಗಿಸಿ. ವೆಲ್ಡ್ ಥಟ್ಟನೆ ನಿಂತ ಜಾಗವೇ ಬಿರುಕಿನ ಬಾಗಿಲು.

ಅಡ್ಜಸ್ಟರ್ ಪಟ್ಟಿಯ ಸೀಳು ಕಮಾನಾಗಿರಬೇಕು, ಆ ಕಮಾನಿನ ಕೇಂದ್ರ ಆಲ್ಟರ್ನೇಟರ್ ತಿರುಗಿ ಸರಿಯುವ ಕೆಳಗಿನ ಪಿವಟ್ ಬೋಲ್ಟು. ನೇರ ಸೀಳಾದರೆ ಸ್ವಲ್ಪ ದೂರ ಸರಿದು ಸಿಕ್ಕಿಕೊಳ್ಳುತ್ತದೆ. 60 ಮಿ.ಮೀ. ಉದ್ದದ ಸೀಳು ಸಾಮಾನ್ಯವಾಗಿ ಸಾಕು. ಬೆಲ್ಟಿನ ಉದ್ದ ತೆಗೆಯಲು ಆಲ್ಟರ್ನೇಟರನ್ನು ಸೀಳಿನ ಮೊದಲ ಮೂರನೇ ಒಂದು ಭಾಗದಲ್ಲಿ ನಿಲ್ಲಿಸಿ, ಎಲ್ಲ ಪುಲ್ಲಿಗಳ ಸುತ್ತ ಹಿಗ್ಗದ ದಾರ ಬಿಗಿದು ಅಳೆಯಿರಿ. ಎರಡೇ ಪುಲ್ಲಿ ಇದ್ದರೆ ಲೆಕ್ಕವೂ ಸುಲಭ: ಕೇಂದ್ರಗಳ ದೂರದ ಎರಡರಷ್ಟು, ಜೊತೆಗೆ ಎರಡು ವ್ಯಾಸಗಳ ಮೊತ್ತದ 1.57 ಪಟ್ಟು, ಅದಕ್ಕೆ ವ್ಯಾಸಗಳ ವ್ಯತ್ಯಾಸದ ವರ್ಗವನ್ನು ಕೇಂದ್ರ ದೂರದ ನಾಲ್ಕರಷ್ಟರಿಂದ ಭಾಗಿಸಿದ್ದು. ದೂರ 280, ಪುಲ್ಲಿಗಳು 140 ಮತ್ತು 70 ಇದ್ದರೆ 560, 330, 4 ಸೇರಿ ಸುಮಾರು 894 ಮಿ.ಮೀ.

ಬಿಗಿಯಲು 8.8 ಗ್ರೇಡಿನ ಬೋಲ್ಟ್: ಎಂ8ಕ್ಕೆ 25, ಎಂ10ಕ್ಕೆ 48 ನ್ಯೂಟನ್ ಮೀಟರ್. ಮೊದಲ 200 ಕಿ.ಮೀ. ಆದ ಮೇಲೆ ಗಿರಾಕಿಯನ್ನು ಮತ್ತೆ ಕರೆಸಿ ಎಲ್ಲ ಬೋಲ್ಟಿಗೂ ಟಾರ್ಕ್ ರೆಂಚ್ ಇಟ್ಟು ನೋಡಿ, ಬೆಲ್ಟನ್ನೂ ಮತ್ತೆ ಎಳೆಯಿರಿ. ಇದನ್ನು ನಿಮ್ಮ ಬೆಲೆಯಲ್ಲೇ ಸೇರಿಸಿಕೊಳ್ಳಿ.

ಪ್ರಶ್ನೆ: ಬ್ರಾಕೆಟ್ ಗಟ್ಟಿಯಾಗಿಯೇ ಇದೆ, ಆದರೆ ಆಲ್ಟರ್ನೇಟರಿನ ಕಿವಿಯೇ ಮುರಿಯಿತು. ಹೊಸದು ಹಾಕಿದೆ, ಅದರಲ್ಲೂ ಬಿರುಕು ಕಾಣುತ್ತಿದೆ. ಕಳಪೆ ಮಾಲೇ? — ದಾವಣಗೆರೆಯ ಓದುಗರು

ಉತ್ತರ: ಮಾಲಿನ ತಪ್ಪಲ್ಲ. ಪಿವಟ್ ಬೋಲ್ಟ್ ಹಾಯುವ ಎರಡು ಕಿವಿಗಳ ನಡುವೆ ನಿಮ್ಮ ಬ್ರಾಕೆಟ್ ಕೂತಿರುತ್ತದೆ. ಬ್ರಾಕೆಟಿನ ಅಗಲ ಕಿವಿಗಳ ನಡುವಿನ ಜಾಗಕ್ಕಿಂತ 1 ಮಿ.ಮೀ. ಕಡಿಮೆ ಇದ್ದರೂ, ಬೋಲ್ಟ್ ಬಿಗಿಯುವಾಗ ಎರಕದ ಅಲ್ಯೂಮಿನಿಯಂ ಕಿವಿ ಒಳಗೆ ಬಾಗುತ್ತದೆ. ಅಲ್ಯೂಮಿನಿಯಂ ಎರಕ ಬಾಗುವ ಜಾತಿಯಲ್ಲ. ಮೇಲಿಂದ ನಡುಕ ಸೇರಿದರೆ ಬುಡದಲ್ಲಿ ಒಡೆಯುತ್ತದೆ.

ಬಹಳ ಆಲ್ಟರ್ನೇಟರ್‌ಗಳ ಹಿಂದಿನ ಕಿವಿಯಲ್ಲಿ ಒಂದು ಉಕ್ಕಿನ ಬುಶ್ ಇರುತ್ತದೆ, ಅದು ಜಾರುವಂಥದ್ದು. ಬೋಲ್ಟ್ ಬಿಗಿದಾಗ ಅದೇ ಸರಿದು ಬಂದು ಸಂದನ್ನು ಮುಚ್ಚುತ್ತದೆ, ಕಿವಿಗೆ ನೋವಾಗುವುದಿಲ್ಲ. ಹಳೆಯ ಆಲ್ಟರ್ನೇಟರಿನಲ್ಲಿ ಈ ಬುಶ್ ತುಕ್ಕು ಹಿಡಿದು ಕಚ್ಚಿಕೊಂಡಿರುತ್ತದೆ. ಹೊಸ ಬ್ರಾಕೆಟ್ ಹಾಕುವ ಮೊದಲು ಅದನ್ನು ಎಣ್ಣೆ ಬಿಟ್ಟು, ವೈಸಿನಲ್ಲಿ ಒತ್ತಿ ಒಂದೆರಡು ಮಿ.ಮೀ. ಹಿಂದಕ್ಕೆ ಸರಿಸಿಕೊಳ್ಳಿ. ಬುಶ್ ಇಲ್ಲದ ಮಾದರಿಯಾದರೆ ಫೀಲರ್ ಗೇಜಿನಿಂದ ಸಂದು ಅಳೆದು ಉಕ್ಕಿನ ಶಿಮ್ (ತೆಳು ತಗಡಿನ ತುಂಡು) ಹಾಕಿ, 0.1 ಮಿ.ಮೀ.ಗಿಂತ ಹೆಚ್ಚು ಉಳಿಯದಿರಲಿ. ಬಿರುಕು ಬಿಟ್ಟ ಕಿವಿಗೆ ವೆಲ್ಡ್ ಹಾಕಿಸಿ ನೂಕುವುದು ಬೇಡ, ಮುಂದಿನ ಮುಚ್ಚಳವನ್ನೇ ಬದಲಿಸಿ.

ಪ್ರಶ್ನೆ: ಪ್ರೀಮಿಯರ್ ಪದ್ಮಿನಿಯ ಡೈನಮೊ ತೆಗೆದು ಆಲ್ಟರ್ನೇಟರ್ ಹಾಕಬೇಕು. ಡೈನಮೊ ಬ್ರಾಕೆಟ್ಟೇ ಬಳಸಬಹುದೇ? ಹೀಗೆ ಮಾಡಿದ ಗೆಳೆಯರೊಬ್ಬರ ಗಾಡಿ ಸ್ಲೋನಲ್ಲಿ (ಆಕ್ಸಿಲರೇಟರ್ ಒತ್ತದಿರುವಾಗ) ಚಾರ್ಜೇ ಆಗುವುದಿಲ್ಲ. — ಮೈಸೂರಿನ ಓದುಗರು

ಉತ್ತರ: ಬಳಸಬಹುದು, ಒಂದು ಸ್ಪೇಸರಿನೊಂದಿಗೆ. ಡೈನಮೊ ಉದ್ದ ಕೊಳವೆ, ಅದರ ಎರಡು ಕಿವಿಗಳು ದೂರ ದೂರ. ಆಲ್ಟರ್ನೇಟರ್ ಗಿಡ್ಡ. ಮುಂದಿನ ಕಿವಿಯನ್ನು ಪುಲ್ಲಿಯ ಗೆರೆಗೆ ಹೊಂದಿಸಿ, ಹಿಂದೆ ಉಳಿಯುವ ಉದ್ದಕ್ಕೆ ಲೇತಿನಲ್ಲಿ ಮುಖ ಹಿಡಿಸಿದ ಒಂದೇ ಪೈಪು ಹಾಕಿ. ವಾಷರುಗಳ ಗೋಪುರ ಕಟ್ಟಬೇಡಿ. ಉದ್ದ ಬೋಲ್ಟಿನ ಬದಲು ಥ್ರೆಡ್ ರಾಡ್ ಹಾಕುವುದೂ ಬೇಡ. ಅದರ ಥ್ರೆಡ್ ಪ್ಲೇಟಿನ ತೂತನ್ನು ಅರದಂತೆ ತಿನ್ನುತ್ತದೆ.

ಸ್ಲೋನಲ್ಲಿ ಚಾರ್ಜ್ ಆಗದಿರುವುದು ಬ್ರಾಕೆಟಿನ ವಿಷಯವಲ್ಲ, ಪುಲ್ಲಿಯದು. ಗೆಳೆಯರು ಡೈನಮೊದ ದೊಡ್ಡ ಪುಲ್ಲಿಯನ್ನೇ ಆಲ್ಟರ್ನೇಟರಿಗೆ ಹಾಕಿಸಿರಬೇಕು. ಕ್ರ್ಯಾಂಕ್ ಒಂದು ಸುತ್ತು ತಿರುಗಿದರೆ ಆಲ್ಟರ್ನೇಟರ್ ಎರಡು ಸುತ್ತಿಗಿಂತ ಹೆಚ್ಚು ತಿರುಗಬೇಕು. 700 ಆರ್‌ಪಿಎಂ ಸ್ಲೋ, ಅನುಪಾತ 2.2 ಎಂದರೆ 1540 ಸುತ್ತು, ಆಗ ಚಾರ್ಜ್ ಶುರುವಾಗಿರುತ್ತದೆ. ಸಣ್ಣ ಪುಲ್ಲಿ ಹಾಕಿದಾಗ ಬೆಲ್ಟ್ ಅದನ್ನು ಕನಿಷ್ಠ 120 ಡಿಗ್ರಿ ಸುತ್ತಿರಬೇಕು, ಇಲ್ಲವಾದರೆ ಜಾರುತ್ತದೆ. ಬೆಲ್ಟಿನ ಬೆನ್ನು ಪುಲ್ಲಿಯ ಅಂಚಿಗೆ ಸಮನಾಗಿ ನಿಲ್ಲಲಿ. ಪುಲ್ಲಿಯ ತೋಡಿನ ತಳ ಕನ್ನಡಿಯಂತೆ ಹೊಳೆಯುತ್ತಿದ್ದರೆ ಬೆಲ್ಟ್ ತಳ ಮುಟ್ಟಿ ಜಾರುತ್ತಿದೆ.

ಡೈನಮೊದ ಚಾರ್ಜ್ ನಿಯಂತ್ರಿಸುತ್ತಿದ್ದ ಹಳೆಯ ಕಟೌಟ್ ಪೆಟ್ಟಿಗೆಯನ್ನು ಸರ್ಕ್ಯೂಟಿನಿಂದ ಪೂರ್ತಿ ಹೊರಗಿಡಿ, ಆಲ್ಟರ್ನೇಟರಿನೊಳಗೇ ರೆಗ್ಯುಲೇಟರ್ ಇರುತ್ತದೆ. ಚಾರ್ಜ್ ಲ್ಯಾಂಪ್ ತೆಗೆಯಬೇಡಿ. ಆ ಬಲ್ಬಿನ ಮೂಲಕ ಬರುವ ಸಣ್ಣ ಕರೆಂಟಿನಿಂದಲೇ ಬಹಳ ಆಲ್ಟರ್ನೇಟರ್‌ಗಳು ಎಚ್ಚರಗೊಳ್ಳುತ್ತವೆ. ಬಲ್ಬಿಗೆ ಬದಲಾಗಿ ಎಲ್‌ಇಡಿ ಹಾಕಿದರೆ ಆ ಕರೆಂಟು ಸಾಲದು.

ಪ್ರಶ್ನೆ: ನನ್ನ ಡೀಸೆಲ್ ಗಾಡಿಯ ಆಲ್ಟರ್ನೇಟರ್ ಬೆನ್ನಿಗೆ ವ್ಯಾಕ್ಯೂಮ್ ಪಂಪ್ ಇದೆ. ಕೆಸರು ತಾಗದಂತೆ ಇಡೀ ಆಲ್ಟರ್ನೇಟರನ್ನು ಮೇಲಕ್ಕೆತ್ತಿ ಕೂರಿಸಲು ಬ್ರಾಕೆಟ್ ಮಾಡಿಸಬೇಕೆಂದಿದ್ದೇನೆ. ಪಂಪ್ ಇಲ್ಲದ ಆಲ್ಟರ್ನೇಟರ್ ಹಾಕಿದರೂ ಆಗುತ್ತದೆಯೇ? — ಮಡಿಕೇರಿಯ ಓದುಗರು

ಉತ್ತರ: ಪಂಪ್ ಇಲ್ಲದ್ದನ್ನು ಹಾಕಲೇಬೇಡಿ. ಡೀಸೆಲ್ ಎಂಜಿನ್ನಿನಲ್ಲಿ ಪೆಡಲನ್ನು ಹಗುರ ಮಾಡುವ ಬ್ರೇಕ್ ಬೂಸ್ಟರಿಗೆ ಬೇಕಾದ ವ್ಯಾಕ್ಯೂಮ್ ಬರುವುದು ಆ ಪಂಪಿನಿಂದ. ಅದು ಹೋದರೆ ಪೆಡಲ್ ಕಲ್ಲಾಗುತ್ತದೆ, ಘಟ್ಟದ ಇಳಿಜಾರಿನಲ್ಲಿ ಗಾಡಿ ನಿಲ್ಲುವುದಿಲ್ಲ. ಬೇರೆ ಪಂಪ್ ಕೂರಿಸಿ, ಪರೀಕ್ಷಿಸಿ, ಆಮೇಲೆ ಇದನ್ನು ತೆಗೆಯುವ ಮಾತು.

ಮೇಲಕ್ಕೆತ್ತುವುದು ಒಳ್ಳೆಯದೇ. ಕೆಸರು ನೀರು ಬ್ರಷ್ಷು, ಸ್ಲಿಪ್ ರಿಂಗುಗಳನ್ನು ಬೇಗ ತಿನ್ನುತ್ತದೆ. ಆದರೆ ಪಂಪಿಗೆ ಎಂಜಿನ್ ಆಯಿಲ್ ಹೋಗಿ ಬರುವ ಎರಡು ಪೈಪುಗಳಿವೆ. ಒತ್ತಡದಲ್ಲಿ ಬರುವ ಸಣ್ಣ ಪೈಪನ್ನು ಹೇಗೆ ಬೇಕಾದರೂ ಬಾಗಿಸಬಹುದು. ದೊಡ್ಡ ರಿಟರ್ನ್ ಪೈಪಿನಲ್ಲಿ ಆಯಿಲ್ ತನ್ನ ಭಾರಕ್ಕೇ ಇಳಿಯಬೇಕು. ಅದು ಪಂಪಿನಿಂದ ಸಂಪ್‌ವರೆಗೆ ಎಲ್ಲೂ ಏರದೆ, ಎಲ್ಲೂ ಹಿಸುಕಿಕೊಳ್ಳದೆ ಇಳಿಜಾರಾಗಿ ಹೋಗಬೇಕು, ವ್ಯಾಸ ಮೂಲದ್ದಕ್ಕಿಂತ ಕಡಿಮೆಯಾಗಬಾರದು. ಆಲ್ಟರ್ನೇಟರನ್ನು ತಿರುಗಿಸಿ ಕೂರಿಸಿದಾಗ ರಿಟರ್ನ್ ಮೂತಿ ಮೇಲ್ಮುಖವಾದರೆ ಆಯಿಲ್ ಪಂಪಿನಲ್ಲೇ ತುಂಬಿ, ಸೀಲ್ ದಾಟಿ ಆಲ್ಟರ್ನೇಟರೊಳಗೆ ಇಳಿಯುತ್ತದೆ, ಬ್ರಷ್ಷು ಹೋಗುತ್ತದೆ. ಹಾಗಾಗಿ ಬ್ರಾಕೆಟಿನ ಮೊದಲ ಗೆರೆ ಎಳೆಯುವ ಮುನ್ನ ರಿಟರ್ನ್ ಮೂತಿಯ ದಿಕ್ಕು ಗುರುತು ಹಾಕಿಕೊಳ್ಳಿ. ಪಂಪ್ ಒಂದೇ ದಿಕ್ಕಿಗೆ ತಿರುಗುವಂಥದ್ದು, ಬೆಲ್ಟಿನ ಹೊರ ಬೆನ್ನಿನಿಂದ ಓಡಿಸುವ ಹಂಚಿಕೆ ಇಲ್ಲಿ ನಡೆಯದು.

ಪ್ರಶ್ನೆ: 6061 ಅಲ್ಯೂಮಿನಿಯಂನಲ್ಲಿ ಮಾಡಿಸಿದರೆ ಹಗುರ, ನೋಡಲೂ ಚೆನ್ನ. ಸರಿಯೇ? — ಬೆಂಗಳೂರಿನ ಓದುಗರು

ಉತ್ತರ: ಸರಿ, ವೆಲ್ಡ್ ಇಲ್ಲದೆ ಮಾಡಿದರೆ. 6061-ಟಿ6ರ ಬಲ ಬರುವುದು ಶಾಖ ಸಂಸ್ಕಾರದಿಂದ. ವೆಲ್ಡ್ ಮಾಡಿದ ಸುತ್ತಲಿನ ಜಾಗದಲ್ಲಿ ಆ ಬಲದ ದೊಡ್ಡ ಪಾಲು ಹೋಗುತ್ತದೆ. 12 ಮಿ.ಮೀ. ಪ್ಲೇಟಿನಲ್ಲಿ ಸಿಎನ್‌ಸಿ ಕತ್ತರಿಸಿ, ಸ್ಪೇಸರು ಬೋಲ್ಟುಗಳಿಂದಲೇ ಜೋಡಿಸಿ. ಒಳಮೂಲೆಗಳಿಗೆ ಕನಿಷ್ಠ 6 ಮಿ.ಮೀ. ದುಂಡು ಕೊಡಿ. ಬೋಲ್ಟ್ ತಲೆಯಡಿಗೆ ದಪ್ಪ ಉಕ್ಕಿನ ವಾಷರ್ ಹಾಕಿ. ಪ್ಲಾಸ್ಟಿಕ್ ಪ್ರಿಂಟ್ ಮಾಡಿಸಿ ಗಾಡಿಯಲ್ಲಿ ಹೊಂದಿಸಿ ನೋಡುವುದು ರಟ್ಟಿಗಿಂತ ಚೆನ್ನ, ಆದರೆ ಅದರ ಮೇಲೆ ಎಂಜಿನ್ ಓಡಿಸಬೇಡಿ.

ಪ್ರಶ್ನೆ: ಬ್ರಾಕೆಟ್ ಮಾಡಿಸಿದ್ದಕ್ಕೆ ಆರ್‌ಟಿಒ ತಕರಾರು ಇದೆಯೇ? — ತುಮಕೂರಿನ ಓದುಗರು

ಉತ್ತರ: ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುವುದು ಆರ್‌ಸಿಯಲ್ಲಿ ಬರೆದ ವಿವರಗಳು ಬದಲಾಗುವಂಥ ಮಾರ್ಪಾಡನ್ನು. ಆಲ್ಟರ್ನೇಟರ್ ಬ್ರಾಕೆಟಿನ ವಿವರ ಆರ್‌ಸಿಯಲ್ಲಿ ಇರುವುದಿಲ್ಲ. ಎಂಜಿನ್ನನ್ನೇ ಬದಲಿಸುವುದಾದರೆ ಕೆಲಸಕ್ಕೆ ಕೈಹಾಕುವ ಮೊದಲೇ ಅನುಮತಿ ಪಡೆಯಿರಿ.

ಪ್ರಶ್ನೆ: ಹೊಸ ಬ್ರಾಕೆಟಿಗೆ ಚೆಂದಕ್ಕೆ ಪೌಡರ್ ಕೋಟಿಂಗ್ ಮಾಡಿಸಿದೆ. ಆಮೇಲೆ ಹೆಡ್‌ಲೈಟ್ ಮಿಣಮಿಣ, ಬ್ಯಾಟರಿ ತುಂಬುತ್ತಿಲ್ಲ. ಆಲ್ಟರ್ನೇಟರ್ ಹೊರಗೆ ಟೆಸ್ಟ್ ಮಾಡಿಸಿದರೆ ಸರಿ ಇದೆ. — ಮಂಗಳೂರಿನ ಓದುಗರು

ಉತ್ತರ: ಆಲ್ಟರ್ನೇಟರಿನ ಅರ್ತ್ ಹೋಗುವುದು ಬ್ರಾಕೆಟಿನ ಮೂಲಕವೇ. ಪೌಡರ್ ಕೋಟಿಂಗ್ ವಿದ್ಯುತ್ತನ್ನು ಬಿಡದ ಪದರ, ಈಗ ಕರೆಂಟು ಬೋಲ್ಟಿನ ಥ್ರೆಡ್ಡುಗಳಲ್ಲಿ ದಾರಿ ಹುಡುಕುತ್ತಿದೆ. ಕೋಟಿಂಗಿನ ಇನ್ನೊಂದು ತೊಂದರೆ ಎಂದರೆ ಬೋಲ್ಟಿನ ಒತ್ತಡಕ್ಕೆ ಅದು ದಿನಕಳೆದಂತೆ ಹಿಸುಕಿ ತೆಳುವಾಗಿ ಬೋಲ್ಟ್ ಸಡಿಲಾಗುತ್ತದೆ. ಬ್ಲಾಕಿಗೆ, ಆಲ್ಟರ್ನೇಟರಿಗೆ ತಾಗುವ ಮುಖಗಳನ್ನೂ ವಾಷರ್ ಕೂರುವ ಜಾಗವನ್ನೂ ಲೋಹ ಕಾಣುವವರೆಗೆ ಉಜ್ಜಿ. ಕರಾವಳಿಯ ಉಪ್ಪು ಗಾಳಿಗೆ ಅಲ್ಲಿ ತೆಳ್ಳಗೆ ಗ್ರೀಸ್ ಸವರಿ ಬಿಗಿಯಿರಿ.

ಅಷ್ಟರಿಂದ ನಿಲ್ಲಿಸದೆ ಆಲ್ಟರ್ನೇಟರ್ ಮೈಯಿಂದ ಬ್ಯಾಟರಿಯ ನೆಗೆಟಿವ್‌ಗೆ 16 ಚದರ ಮಿ.ಮೀ. ತಾಮ್ರದ ವೈರು ಬೇರೆಯೇ ಎಳೆಯಿರಿ, 90 ಆಂಪಿಯರಿನದಾದರೆ 25. ಪಾಸಿಟಿವ್ ವೈರೂ ಅಷ್ಟೇ ದಪ್ಪ ಇರಲಿ. ಡ್ಯಾಶ್‌ಬೋರ್ಡಿನಲ್ಲಿ ಹಳೆಯ ಕಾಲದ 30 ಆಂಪಿಯರ್ ಮೀಟರ್ ಇದ್ದರೆ ಚಾರ್ಜಿಂಗ್ ವೈರನ್ನು ಅದರ ಮೂಲಕ ಹಾಯಿಸಬೇಡಿ, ಅದು ಕಾದು ಬೆಂಕಿ ಹಿಡಿಯುತ್ತದೆ. ಅಲ್ಲಿ ವೋಲ್ಟ್ ಮೀಟರ್ ಹಾಕಿಸಿ.

ಪರೀಕ್ಷೆ ಹೀಗೆ: ಎಂಜಿನ್ 2000 ಆರ್‌ಪಿಎಂನಲ್ಲಿಟ್ಟು ಹೆಡ್‌ಲೈಟ್, ಬ್ಲೋವರ್ ಎಲ್ಲ ಹಚ್ಚಿ. ಮೀಟರಿನ ಒಂದು ಕಡ್ಡಿ ಆಲ್ಟರ್ನೇಟರ್ ಮೈಗೆ, ಇನ್ನೊಂದು ಬ್ಯಾಟರಿಯ ನೆಗೆಟಿವ್ ಕಂಬಕ್ಕೆ. 0.2 ವೋಲ್ಟಿಗಿಂತ ಕಡಿಮೆ ತೋರಿಸಬೇಕು. ಆಲ್ಟರ್ನೇಟರಿನ ಪಾಸಿಟಿವ್ ಬೋಲ್ಟಿನಿಂದ ಬ್ಯಾಟರಿಯ ಪಾಸಿಟಿವ್‌ಗೆ 0.3ರೊಳಗೆ. ಇವೆರಡೂ ಸರಿಯಿದ್ದು ಬ್ಯಾಟರಿಯ ಮೇಲೆ ಆಗಲೂ 13.8 ವೋಲ್ಟ್ ಬಾರದಿದ್ದರೆ ಬೆಲ್ಟ್ ನೋಡಿ: ಉದ್ದನೆಯ ಭಾಗದ ನಡುವೆ 10 ಕೆ.ಜಿ. ಭಾರದಷ್ಟು ಒತ್ತಿದಾಗ 10–12 ಮಿ.ಮೀ. ಮಾತ್ರ ಬಗ್ಗಬೇಕು.